ತವರಿನ ಪಹಣಿಯಲ್ಲಿ ಮಗಳ ಹೆಸರು

ಓದುಗರ ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯವಳು, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮಾರ್ಚ್ 8ಕ್ಕೆ ಶಾಲೆಯಲ್ಲಿ ಮಹಿಳಾ ದಿನ ಮಾಡಿದೆವು, ಭಾಷಣ ನಾನೇ ಮಾಡಿದೆ. ಅದೇ ವಾರ ಅಣ್ಣ ಫೋನ್ ಮಾಡಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗು ಅಂದ. ಅಪ್ಪ 2011ರಲ್ಲಿ ತೀರಿಕೊಂಡರು. ಅಜ್ಜನಿಂದ ಬಂದ ಐದು ಎಕರೆ ಹೊಲ, ಒಂದು ಮನೆ ಇದೆ. ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಇಬ್ಬರು ಅಣ್ಣಂದಿರು, ಅಕ್ಕ, ನಾನು. ಅವ್ವ ಇದ್ದಾಳೆ. ಅಕ್ಕನ ಮದುವೆ 1991ರಲ್ಲಿ, ನನ್ನದು 1998ರಲ್ಲಿ ಆಯಿತು. ನಿಮಗೆ ಮದುವೆ ಮಾಡಿ ಬಂಗಾರ ಹಾಕಿದ್ದೇವೆ, ಮೇಲಾಗಿ 2003ರಲ್ಲೇ ಊರ ಹಿರಿಯರ ಮುಂದೆ ವಾಟ್ನಿ (ಆಸ್ತಿ ಪಾಲು) ಆಗಿದೆ, ಈಗ ನಿಮ್ಮದೇನೂ ಇಲ್ಲ ಅನ್ನುತ್ತಾರೆ. ಸಹಿ ಹಾಕದಿದ್ದರೆ ತವರು ತಪ್ಪುತ್ತದೆ ಅಂತ ಭಯ. ನನಗೆ ನಿಜವಾಗಿ ಪಾಲಿದೆಯಾ? ಕೇಳಬಹುದಾ?

ಉತ್ತರ:

ಹೌದು, ನಿಮಗೆ ಪಾಲಿದೆ. ನಿಮ್ಮ ಅಕ್ಕನಿಗೂ ಇದೆ. ಅಣ್ಣಂದಿರಿಗೆ ಎಷ್ಟೋ ಅಷ್ಟೇ, ಒಂದು ಗುಂಟೆಯೂ ಕಡಿಮೆ ಇಲ್ಲ. ದಯವಿಟ್ಟು ಆ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೂ ಪೂರ್ತಿ ಓದಿ, ಆಮೇಲೆ ಅಕ್ಕನಿಗೂ ಓದಿ ಹೇಳಿ.

ಭಾಷಣ ಮಾಡಿದ ವಾರವೇ ಫೋನ್ ಬಂತು ಅಂತ ಬರೆದಿದ್ದೀರಿ. ಹಾಗಂತ ನೀವು ವೇದಿಕೆಯ ಮೇಲೆ ಹೇಳಿದ್ದೆಲ್ಲ ಸುಳ್ಳು ಅಂದುಕೊಳ್ಳಬೇಡಿ. ಹೆಮ್ಮೆಪಡುವಂಥದ್ದು ನಿಜಕ್ಕೂ ಬಹಳ ಆಗಿದೆ. ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯತಿ ಚುನಾವಣೆಯಲ್ಲೇ ನಾಲ್ಕರಲ್ಲಿ ಒಂದು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು, ದೇಶಕ್ಕೆಲ್ಲ ಮೂರನೇ ಒಂದು ಅಂತ ಸಂವಿಧಾನದ ತಿದ್ದುಪಡಿ ಬಂದದ್ದು ಅದಾಗಿ ಐದಾರು ವರ್ಷಕ್ಕೆ. ಈಗ ನಮ್ಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರದು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲದೆ ಓಡಾಡಬಹುದು, ಆಸ್ಪತ್ರೆಗೋ ಕೋರ್ಟಿಗೋ ಹೋಗಬೇಕಾದ ಹೆಣ್ಣುಮಗಳು ಮನೆಯಲ್ಲಿ ಯಾರ ಮುಂದೆಯೂ ಕೈಚಾಚಬೇಕಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ನೇರ ಅವಳ ಖಾತೆಗೆ ಬೀಳುತ್ತದೆ. ಇದನ್ನೆಲ್ಲ ಹಗುರ ಮಾಡಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಬಸ್ ಚಾರ್ಜಿಲ್ಲ ಅಂತ ತಾರೀಕಿಗೆ ಬಾರದೆ ಕೇಸು ಕಳಕೊಂಡ ಹೆಂಗಸರನ್ನು ನಾನು ನೋಡಿದ್ದೇನೆ.

ಆದರೆ ಭೂಮಿಯ ವಿಷಯಕ್ಕೆ ಬಂದಾಗ ಮಾತ್ರ ಎಲ್ಲ ನಿಂತುಬಿಡುತ್ತದೆ. 2015-16ರ ಕೃಷಿ ಗಣತಿಯಲ್ಲಿ ಇಡೀ ದೇಶದ ಹಿಡುವಳಿದಾರರ ಪೈಕಿ ಹೆಂಗಸರು ಸುಮಾರು ಶೇಕಡಾ 14 ಮಾತ್ರ. ನಿಮ್ಮ ಕಡೆ ಹತ್ತಿ ಬಿಡಿಸುವವರು ಯಾರು, ಬ್ಯಾಡಗಿ ಮೆಣಸಿನಕಾಯಿ ಬಿಡಿಸಿ ಒಣಗಿಸುವವರು ಯಾರು, ಕಳೆ ತೆಗೆಯುವವರು ಯಾರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಬೆಳೆ ಸಾಲ ಸಿಗುವುದು ಕಷ್ಟ, ಪಿಎಂ ಕಿಸಾನ್ ದುಡ್ಡು ಬರುವುದಿಲ್ಲ, ರಸ್ತೆಗೋ ಕಾಲುವೆಗೋ ಜಮೀನು ಹೋದರೆ ಪರಿಹಾರದ ಚೆಕ್ಕಿನಲ್ಲೂ ಅವಳ ಹೆಸರಿರುವುದಿಲ್ಲ. ದುಡಿಮೆ ಅವಳದು, ದಾಖಲೆ ಬೇರೆಯವರದು.

ಕಾನೂನು ಇಲ್ಲಿಗೆ ಹೇಗೆ ಬಂತು ಅನ್ನುವುದನ್ನು ಸ್ವಲ್ಪ ಹೇಳಲೇಬೇಕು. ನಿಮ್ಮ ಅಣ್ಣಂದಿರು ಹೇಳುವ ಮಾತುಗಳೆಲ್ಲ ಹಳೇ ಕಾನೂನಿನಿಂದ ಬಂದವು. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲೇ ಇರಬೇಕಿಲ್ಲ, ಹೊಸದು ಗೊತ್ತಿಲ್ಲದೆಯೂ ಇರಬಹುದು.

ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾನೂನು ಬಂತು. ಮನೆ ಪಾಲಾಗುವಾಗ ತಾಯಿಗೆ, ವಿಧವೆಯರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಅದರಲ್ಲಿ ಒಂದಿಷ್ಟು ಪಾಲು ಇತ್ತು. ಆ ಕಾಲಕ್ಕೆ ದೊಡ್ಡ ಹೆಜ್ಜೆಯೇ. ಆದರೆ ನಿಮ್ಮ ಹಾವೇರಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಹಾಗಾಗಿ ಆ ಕಡೆಯ ಹೆಣ್ಣುಮಕ್ಕಳಿಗೆ ಅದು ತಲುಪಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಅಂಬೇಡ್ಕರ್ ಅವರು ಹಿಂದೂ ಸಂಹಿತೆ ಮಸೂದೆಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಇರಬೇಕು ಅಂತ ಹಟ ಹಿಡಿದರು. ಸಂಸತ್ತಿನ ಒಳಗೂ ಹೊರಗೂ ವಿರೋಧ ಎದ್ದಿತು, ಮಸೂದೆ ಮುಂದೆ ಹೋಗಲಿಲ್ಲ. 1951ರಲ್ಲಿ ಅವರು ಮಂತ್ರಿ ಪದವಿಗೆ ರಾಜೀನಾಮೆ ಕೊಡುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿ ಈ ಸಂಗತಿ ಇನ್ನೂ ಜಾಸ್ತಿ ಕೇಳಬೇಕು ಅಂತ ನನ್ನ ಆಸೆ.

1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ತಂದೆ ತಾನೇ ಸಂಪಾದಿಸಿದ ಆಸ್ತಿಯಲ್ಲಿ, ಅವರು ಉಯಿಲು ಬರೆಯದೆ ತೀರಿಕೊಂಡರೆ, ಮಗಳಿಗೂ ಮಗನಿಗೂ ಸಮಪಾಲು ಅಂತಾಯಿತು. ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಗಂಡುಮಕ್ಕಳಿಗೆ ಮಾತ್ರ ಉಳಿಯಿತು. ಮಗಳಿಗೆ ಸಿಗುತ್ತಿದ್ದದ್ದು ತಂದೆಯ ಪಾಲಿನಲ್ಲಿ ಒಂದು ಚೂರು. ನಿಮ್ಮ ಮನೆಯ ಲೆಕ್ಕವನ್ನೇ ಹಾಕಿ ನೋಡಿ. ಐದು ಎಕರೆ ಅಂದರೆ 200 ಗುಂಟೆ. ಹಳೇ ಕಾನೂನಿನ ಪ್ರಕಾರ ಅಪ್ಪ, ಇಬ್ಬರು ಅಣ್ಣಂದಿರು ಸೇರಿ ಮೂರು ಪಾಲು. ಆಮೇಲೆ ಅಪ್ಪನ ಒಂದು ಪಾಲನ್ನು ಅವ್ವ ಮತ್ತು ನಾಲ್ಕು ಮಕ್ಕಳು ಹಂಚಿಕೊಳ್ಳಬೇಕು. ಕೊನೆಗೆ ಒಬ್ಬೊಬ್ಬ ಅಣ್ಣನಿಗೆ 80 ಗುಂಟೆ, ಅಂದರೆ ಎರಡು ಎಕರೆ. ನಿಮಗೆ ಸುಮಾರು 13 ಗುಂಟೆ. ಅದರ ಮೇಲೆ ವಾಸದ ಮನೆಯಲ್ಲಿ ಪಾಲು ಬೇಕು ಅಂತ ಹೆಣ್ಣುಮಕ್ಕಳು ತಾವಾಗಿ ಕೇಳುವ ಹಾಗೂ ಇರಲಿಲ್ಲ, ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಕಾಯಬೇಕಿತ್ತು.

ಇದನ್ನು ಮೊದಲು ಬದಲಾಯಿಸಿದ್ದು ದಕ್ಷಿಣದ ರಾಜ್ಯಗಳು. ಆಂಧ್ರ, ತಮಿಳುನಾಡು ಆದ ಮೇಲೆ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು, ಮಗಳೂ ಹುಟ್ಟಿನಿಂದಲೇ ಪಾಲುದಾರಳಾದಳು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟರು. ನಿಮ್ಮ ಮನೆಯಲ್ಲಿ ಅದು ಹೇಗಾಯಿತು ನೋಡಿ: 1998ರಲ್ಲಿ ಮದುವೆಯಾದ ನಿಮಗೆ ಆಗಲೇ ಹಕ್ಕು ಸಿಕ್ಕಿತ್ತು, 1991ರಲ್ಲಿ ಮದುವೆಯಾದ ಅಕ್ಕನಿಗೆ ಇಲ್ಲ. ಒಂದೇ ತಾಯಿಯ ಮಕ್ಕಳು, ಲಗ್ನಪತ್ರಿಕೆಯ ತಾರೀಕು ನೋಡಿ ಹಕ್ಕು! ಅಣ್ಣಂದಿರ ಮದುವೆ ಯಾವಾಗ ಆಯಿತು ಅಂತ ಯಾವ ಕಾನೂನೂ ಕೇಳಲಿಲ್ಲ.

ಆ ಭೇದ ಹೋದದ್ದು 2005ರಲ್ಲಿ. ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಹೊಸ ನಿಯಮ ಬಂತು. ಮಗಳಿಗೆ ಮದುವೆಯಾಗಿರಲಿ ಬಿಡಲಿ, ಯಾವಾಗಲೇ ಆಗಿರಲಿ, ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು, ಮಗನಷ್ಟೇ ಹೊಣೆ. ಮನೆಯ ಬಗ್ಗೆ ಇದ್ದ ಆ ತಡೆಯೂ ಹೋಯಿತು. ಇಷ್ಟಾದ ಮೇಲೂ ಹದಿನೈದು ವರ್ಷ ಕೋರ್ಟುಗಳಲ್ಲಿ ಜಗ್ಗಾಟ ನಡೆಯಿತು. 2015ರಲ್ಲಿ, ನಮ್ಮ ಬೆಳಗಾವಿ ಕಡೆಯಿಂದಲೇ ಹೋಗಿದ್ದ ಒಂದು ಕೇಸಿನಲ್ಲಿ, 2005ರ ಆ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿತು. 2018ರಲ್ಲಿ ಮುದ್ದೇಬಿಹಾಳದಿಂದ ಶುರುವಾದ ದಾನಮ್ಮ ಪ್ರಕರಣದಲ್ಲಿ ಬೇರೆ ತೀರ್ಪು ಬಂತು. ಆ ಮನೆಯೂ ಥೇಟ್ ನಿಮ್ಮದರಂತೆ, ತಾಯಿ, ಇಬ್ಬರು ಗಂಡು, ಇಬ್ಬರು ಹೆಣ್ಣು. ತಂದೆ 2001ರಲ್ಲೇ ತೀರಿಕೊಂಡಿದ್ದರು. ಕೆಳಗಿನ ಕೋರ್ಟು, ಹೆಣ್ಣುಮಕ್ಕಳು 1956ಕ್ಕೆ ಮೊದಲು ಹುಟ್ಟಿದವರು, ಅವರಿಗೆ ಪಾಲಿಲ್ಲ ಅಂದಿತ್ತು. ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ ಇಬ್ಬರಿಗೂ ಐದನೇ ಒಂದು ಪಾಲು ಕೊಟ್ಟಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲಕ್ಕೆ ತೆರೆ ಎಳೆಯಿತು. ಹಕ್ಕು ಹುಟ್ಟಿನಿಂದ ಬರುತ್ತದೆ, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಅನ್ನುವುದು ಲೆಕ್ಕಕ್ಕೇ ಇಲ್ಲ ಅಂತ.

ನಿಮ್ಮ ಅಪ್ಪ 2011ರವರೆಗೆ ಇದ್ದರು, ಹಾಗಾಗಿ ನಿಮಗೆ ಈ ಗೊಂದಲ ಯಾವತ್ತೂ ಇರಲೇ ಇಲ್ಲ. ಇವತ್ತಿನ ಲೆಕ್ಕದಲ್ಲಿ ನಿಮ್ಮ ಪಾಲು ಏನಿಲ್ಲವೆಂದರೂ ಐದನೇ ಒಂದು, ಅಂದರೆ ಒಂದು ಎಕರೆ, ಜೊತೆಗೆ ಮನೆಯಲ್ಲಿ ಪಾಲು. 13 ಗುಂಟೆಯಿಂದ ಒಂದು ಎಕರೆಗೆ ಬಂದಿದ್ದೇವೆ. ಇದು ತಾನಾಗಿ ಆದದ್ದಲ್ಲ. ಹೊಡೆದಾಡಿದವರಲ್ಲಿ ನಿಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳೂ ಇದ್ದಾರೆ, ಒಬ್ಬೊಬ್ಬರೂ ವರ್ಷಗಟ್ಟಲೆ ಕೋರ್ಟಿಗೆ ಅಲೆದಿದ್ದಾರೆ.

ಇನ್ನು 2003ರ ವಾಟ್ನಿಯ ಮಾತು. ಅವರು 2003 ಅಂತಲೇ ಹೇಳುವುದಕ್ಕೆ ಕಾರಣ ಇದೆ. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲುಗಳನ್ನು ಹೊಸ ಕಾನೂನು ಕದಲಿಸುವುದಿಲ್ಲ. ಆದರೆ ಆ ಪಾಲು ರಿಜಿಸ್ಟರ್ ಆಗಿರಬೇಕು, ಇಲ್ಲವೇ ಕೋರ್ಟಿನ ಡಿಕ್ರಿ ಆಗಿರಬೇಕು. ಬಾಯಿಮಾತಿನ ವಾಟ್ನಿಯನ್ನು ಸುಲಭಕ್ಕೆ ನಂಬಬಾರದು, ಸರ್ಕಾರಿ ದಾಖಲೆಗಳ ಗಟ್ಟಿ ಆಧಾರ ಇರುವ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಒಪ್ಪಬಹುದು ಅಂತ 2020ರ ತೀರ್ಪು ಸ್ಪಷ್ಟವಾಗಿ ಹೇಳಿದೆ. ನಿಮ್ಮ ಪಹಣಿ ಇವತ್ತಿಗೂ ಅಪ್ಪನ ಹೆಸರಲ್ಲಿದೆ. 2003ರಲ್ಲಿ ನಿಜವಾಗಿ ಪಾಲಾಗಿದ್ದರೆ ಅಣ್ಣಂದಿರ ಹೆಸರಿಗೆ ಯಾಕೆ ಬೇರೆಬೇರೆ ಪಹಣಿ ಆಗಲಿಲ್ಲ? ಮತ್ತು, ನಿಮ್ಮದೇನೂ ಇಲ್ಲ ಅನ್ನುವುದು ನಿಜವಾದರೆ ನಿಮ್ಮ ಸಹಿ ಯಾಕೆ ಬೇಕು? ಹಕ್ಕು ಇದ್ದವರಿಂದ ತಾನೇ ಹಕ್ಕು ಬಿಡಿಸಿಕೊಳ್ಳುವುದು.

ಮದುವೆ ಖರ್ಚಿನ ಮಾತು ಎಲ್ಲ ಮನೆಗಳಲ್ಲೂ ಬರುತ್ತದೆ. ಮದುವೆಗೆ ಮಾಡಿದ ಖರ್ಚು ಆಸ್ತಿಯ ಪಾಲಲ್ಲ. ನಿಮಗೆ ಹಾಕಿದ ಬಂಗಾರ ನಿಮ್ಮ ಸ್ತ್ರೀಧನ, ಅದನ್ನು ಹೊಲದ ಪಾಲಿನಲ್ಲಿ ಕಳೆಯುವ ನಿಯಮ ಇಲ್ಲ. ಗಂಡಿನ ಕಡೆಯವರಿಗೆ ವರದಕ್ಷಿಣೆ ಕೊಟ್ಟಿದ್ದರೆ 1961ರಿಂದಲೇ ಅದು ಅಪರಾಧ, ಅಪರಾಧಕ್ಕೆ ಸುರಿದ ದುಡ್ಡನ್ನು ನಿಮ್ಮ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ? ಅಣ್ಣಂದಿರ ಮದುವೆಗೂ ಖರ್ಚಾಗಿದೆ, ಓದಿಗೂ ಆಗಿದೆ, ಅದನ್ನು ಯಾರೂ ಬರೆದಿಟ್ಟಿಲ್ಲ ಅಲ್ವಾ. ನಿನಗೆ ಸರ್ಕಾರಿ ಸಂಬಳ ಬರುತ್ತದೆ, ಇದೆಲ್ಲ ಯಾಕೆ ಅಂತಲೂ ಮುಂದೆ ಹೇಳಬಹುದು. ನೌಕರಿ ಇರುವ ಅಣ್ಣ ತನ್ನ ಪಾಲು ಬಿಟ್ಟುಕೊಟ್ಟ ಮನೆ ಎಷ್ಟಿವೆ?

ಹಾಗಿದ್ದರೂ ಒಂದು ಮಾತನ್ನು ನಾನು ಒಪ್ಪುತ್ತೇನೆ. ಊರಲ್ಲಿ ಉಳಿದು ಉಳುಮೆ ಮಾಡಿದವರು, ಅಪ್ಪನ ಕಾಯಿಲೆ ನೋಡಿಕೊಂಡವರು, ಬರಗಾಲದಲ್ಲಿ ಸಾಲ ತೀರಿಸಿದವರು ಅಣ್ಣಂದಿರೇ ಆಗಿದ್ದರೆ ಅದಕ್ಕೆ ಬೆಲೆ ಇದೆ. ಹೊಲ ಒತ್ತೆ ಇಟ್ಟ ಸಾಲ ಇದ್ದರೆ ಅದರಲ್ಲೂ ನಿಮ್ಮ ಪಾಲು ಇರುತ್ತದೆ. ಅದನ್ನೆಲ್ಲ ಲೆಕ್ಕಕ್ಕೆ ತಂದು ನೀವು ಕಡಿಮೆ ತೆಗೆದುಕೊಳ್ಳಬಹುದು, ಏನೂ ಬೇಡ ಅಂತಲೂ ಹೇಳಬಹುದು. ಅದು ನಿಮ್ಮ ಇಷ್ಟ. ಆದರೆ ನನ್ನದು ಇಷ್ಟಿದೆ, ಅದರಲ್ಲಿ ಇಷ್ಟು ಬಿಡುತ್ತೇನೆ ಅಂತ ತಿಳಿದು ಬಿಡುವುದು ಒಂದು. ನಿನ್ನದೇನೂ ಇಲ್ಲ, ಸುಮ್ನೆ ಒಂದು ಸಹಿ ಅಂತ ಹೇಳಿಸಿಕೊಂಡು ಬಿಡುವುದು ಬೇರೆ. ನನ್ನ ತಕರಾರು ಇರುವುದು ಎರಡನೆಯದಕ್ಕೆ.

ಯಾಕೆಂದರೆ ಹೋರಾಟ ಈಗ ನಡೆಯುತ್ತಿರುವ ಜಾಗ ಬೇರೆ. ಕೋರ್ಟಿನಲ್ಲಿ ನಾವು ಗೆದ್ದಾಗಿದೆ. ಗೆದ್ದದ್ದನ್ನು ಹೆಣ್ಣುಮಕ್ಕಳು ಒಂದು ಮಧ್ಯಾಹ್ನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ, ಅಣ್ಣನ ಬೈಕಿನಲ್ಲಿ ಹೋಗಿ, ಪತ್ರದಲ್ಲಿ ಏನು ಬರೆದಿದೆ ಅಂತ ಓದದೆ, ಬೆರಳಚ್ಚು ಕೊಟ್ಟು, ಫೋಟೋ ತೆಗೆಸಿಕೊಂಡು, ಹೋಟೆಲಿನಲ್ಲಿ ಊಟ ಮಾಡಿ, ಒಂದು ಸೀರೆ ತೆಗೆದುಕೊಂಡು ವಾಪಸ್ ಬರುವಾಗ ಕಳೆದುಕೊಳ್ಳುತ್ತಿದ್ದಾರೆ. ರಿಜಿಸ್ಟರ್ ಆದ ಹಕ್ಕು ಬಿಡುಗಡೆ ಪತ್ರ ಬಹಳ ಗಟ್ಟಿ ಕಾಗದ. ಆಮೇಲೆ ಮೋಸ ಆಯಿತು ಅಂತ ರದ್ದು ಮಾಡಿಸಬೇಕಾದರೆ, ಮೋಸ ಗೊತ್ತಾದ ಮೂರು ವರ್ಷದೊಳಗೆ ದಾವೆ ಹಾಕಬೇಕು, ಮೋಸವನ್ನು ಸಾಬೀತು ಮಾಡುವ ಹೊಣೆಯೂ ನಿಮ್ಮ ಮೇಲೇ ಬೀಳುತ್ತದೆ. ಓದು ಬರುವ ಟೀಚರ್ ನಾನು ಓದದೆ ಸಹಿ ಹಾಕಿದೆ ಅಂದರೆ ನ್ಯಾಯಾಧೀಶರು ನಂಬುವುದೂ ಕಷ್ಟ.

ಈಗ ಮಾಡಬೇಕಾದ್ದು. ಮೊದಲು ಅಕ್ಕನ ಜೊತೆ ಮಾತಾಡಿ, ಒಬ್ಬೊಬ್ಬರೇ ಇದ್ದಾಗ ಒತ್ತಡ ಜಾಸ್ತಿ. ಆಮೇಲೆ ದಾಖಲೆ. ಪಹಣಿಯನ್ನು ಭೂಮಿ ವೆಬ್‌ಸೈಟಿನಲ್ಲೇ ನೋಡಬಹುದು, ಪ್ರತಿ ನಾಡಕಚೇರಿಯಲ್ಲಿ ಸಿಗುತ್ತದೆ. ಹಳೇ ಮ್ಯುಟೇಶನ್ ಪ್ರತಿ, ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಋಣಭಾರ ಪತ್ರ, ಅಪ್ಪನ ಮರಣ ಪತ್ರ, ವಂಶವೃಕ್ಷ ತೆಗೆಸಿ. ವಂಶವೃಕ್ಷವನ್ನು ಕಣ್ಣಿಟ್ಟು ನೋಡಿ. ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ವಂಶವೃಕ್ಷ ಮಾಡಿಸಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಿಕೊಳ್ಳುವುದು ನಾನು ಮೇಲಿಂದ ಮೇಲೆ ನೋಡುವ ಕೆಲಸ. ಹಾಗೇನಾದರೂ ಅರ್ಜಿ ಹೋಗಿದ್ದರೆ ತಡ ಮಾಡದೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಒಂದು ವೇಳೆ ಖಾತೆ ಅವರ ಹೆಸರಿಗೆ ಆಗಿಬಿಟ್ಟಿದ್ದರೂ ಎದೆಗೆಡಬೇಡಿ, ಖಾತೆ ಬದಲಾದ ಮಾತ್ರಕ್ಕೆ ಮಾಲೀಕತ್ವ ಬದಲಾಗುವುದಿಲ್ಲ.

ಅಣ್ಣನಿಗೆ ಏನು ಹೇಳುವುದು? ಆಗುವುದಿಲ್ಲ ಅಂತ ಶುರು ಮಾಡಬೇಡಿ. ಅಪ್ಪನ ಹೆಸರಿನಿಂದ ಖಾತೆ ಬದಲಾಗಬೇಕು, ಅದು ಸರಿ, ಅವ್ವ ಮತ್ತು ನಾಲ್ವರ ಹೆಸರಿಗೂ ಜಂಟಿಯಾಗಿ ಪೌತಿ ಖಾತೆ ಮಾಡಿಸೋಣ, ಅದಕ್ಕೆ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ ಅಂತ ಹೇಳಿ. ಅವರ ಕೆಲಸ ನಿಲ್ಲುವುದಿಲ್ಲ, ನಿಮ್ಮ ಹಕ್ಕೂ ಹೋಗುವುದಿಲ್ಲ. ಆಮೇಲೆ ನಿಧಾನಕ್ಕೆ ಕೂತು ವಿಭಾಗ ಪತ್ರದ ಮಾತಾಡಬಹುದು. ಒಂದೊಂದು ಎಕರೆ ಮಾಡಿ ಹೊಲ ಚೂರು ಮಾಡುವುದು ಬೇಡ ಅನ್ನಿಸಿದರೆ, ನಿಮ್ಮ ಪಾಲಿಗೆ ಈಗಿನ ರೇಟಿನಲ್ಲಿ ದುಡ್ಡು ತೆಗೆದುಕೊಂಡು ಬಿಟ್ಟುಕೊಡಬಹುದು, ಪತ್ರದಲ್ಲಿ ಆ ಮೊತ್ತ ಬರೆಸಿ, ಬ್ಯಾಂಕಿನ ಮೂಲಕವೇ ಪಡೆಯಿರಿ.

ಅವ್ವನ ಹೆಸರನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಹೆಣ್ಣುಮಕ್ಕಳ ಹಕ್ಕಿನ ಮಾತು ಬಂದಾಗ ತಾಯಂದಿರನ್ನು ನಾವು ಮರೆತುಬಿಡುತ್ತೇವೆ. ಗಂಡ ಸತ್ತ ಮೇಲೆ ಮಕ್ಕಳು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ, ಆಮೇಲೆ ಮಾತ್ರೆಗೆ ಇಪ್ಪತ್ತು ರೂಪಾಯಿ ಬೇಕಾದರೂ ಸೊಸೆಯ ಮುಖ ನೋಡುವ ಮುದುಕಿಯರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಅವ್ವನ ಪಾಲು ಅವಳ ಹೆಸರಲ್ಲಿ ಪಹಣಿಯಲ್ಲಿ ಕೂರಲಿ. ಮಕ್ಕಳಿಗೆ ಕೊಡಲೇಬೇಕು ಅಂತ ಅವಳಿಗೇ ಅನ್ನಿಸಿದರೆ, ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಲಿ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ, ಅಂಥ ಷರತ್ತು ಮುರಿದರೆ ಕೊಟ್ಟದ್ದನ್ನು ವಾಪಸ್ ಪಡೆಯುವ ದಾರಿ ಇದೆ.

ಮಾತುಕತೆ ಆಗಲೇ ಇಲ್ಲ ಅಂದರೆ ಕೋರ್ಟು. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ಸಂಬಳದಾರಳು ನೀವು, ನಿಮಗೂ ಸಿಗುತ್ತದೆ. ತಾಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ದಾವೆಗಿಂತ ಮೊದಲೇ ಅಲ್ಲಿ ರಾಜಿ ಮಾತುಕತೆಗೆ ಎರಡೂ ಕಡೆಯವರನ್ನು ಕರೆಸುತ್ತಾರೆ, ಎಷ್ಟೋ ಮನೆ ಜಗಳ ಅಲ್ಲೇ ಮುಗಿಯುತ್ತದೆ. ಆದರೆ ನೋಡೋಣ, ಮುಂದಿನ ವರ್ಷ ನೋಡೋಣ ಅಂತ ವರ್ಷಗಟ್ಟಲೆ ಬಿಡಬೇಡಿ. ನಿನಗೆ ಪಾಲಿಲ್ಲ ಅಂತ ಹೊರಗಿಟ್ಟದ್ದು ಗೊತ್ತಾದ ದಿನದಿಂದ ಹನ್ನೆರಡು ವರ್ಷದ ಗಡುವು ಶುರುವಾಗುತ್ತದೆ. ಜೊತೆಗೆ, ನಡುವೆ ಹೊಲ ಮಾರಿಬಿಟ್ಟರೆ ಕೊಂಡವರ ಜೊತೆಗೂ ಗುದ್ದಾಡಬೇಕು.

ತವರು ತಪ್ಪುತ್ತದೆ ಅನ್ನುವ ಭಯದ ಬಗ್ಗೆ. ಇದನ್ನು ಸಣ್ಣದು ಅಂತ ನಾನು ಹೇಳುವುದಿಲ್ಲ. ಪಂಚಮಿಗೆ ಕರೆಯಲು ಅಣ್ಣ ಬರುತ್ತಾನೋ ಇಲ್ಲವೋ, ಉಡಿ ತುಂಬಿ ಕಳಿಸುತ್ತಾರೋ ಇಲ್ಲವೋ ಅನ್ನುವುದು ನಿಮ್ಮ ಕಡೆಯ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡದು ಅಂತ ಗೊತ್ತು. ಕೆಲವು ಮನೆಗಳಲ್ಲಿ ಪಾಲು ಕೇಳಿದ ಮೇಲೆ ನಿಜವಾಗಿಯೂ ಮಾತು ನಿಂತಿದೆ, ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳುವುದು ತಪ್ಪಾಗುತ್ತದೆ. ಎಷ್ಟೋ ಮನೆಗಳಲ್ಲಿ ಒಂದೆರಡು ವರ್ಷದ ಮುನಿಸಾದ ಮೇಲೆ ಮತ್ತೆ ಹೋಗಿಬರುವುದು ಶುರುವಾಗಿದೆ, ಅಣ್ಣನ ಮಗಳ ಮದುವೆಗೆ ಎಲ್ಲರೂ ಸೇರಿದ್ದಾರೆ. ಸಹಿ ಹಾಕಿದ ಮೇಲೂ ಕರೆಯುವುದನ್ನು ನಿಲ್ಲಿಸಿದ ಮನೆಗಳೂ ಇವೆ, ಹಾಗಾಗಿ ಸಹಿ ಹಾಕಿದರೆ ಪ್ರೀತಿ ಉಳಿಯುತ್ತದೆ ಅನ್ನುವುದಕ್ಕೂ ಗ್ಯಾರಂಟಿ ಇಲ್ಲ. ಅಣ್ಣಂದಿರು ಪರಸ್ಪರ ಪಾಲು ಕೇಳಿಕೊಂಡರೆ ಅದನ್ನು ಯಾರೂ ಪ್ರೀತಿ ಮುರಿಯುವ ಕೆಲಸ ಅನ್ನುವುದಿಲ್ಲ, ಮಗಳು ಕೇಳಿದರೆ ಮಾತ್ರ ಅನ್ನುತ್ತಾರೆ. ಕಾನೂನಿನಿಂದ ಇದನ್ನು ಬದಲಾಯಿಸಲು ಆಗಲಿಲ್ಲ. ಕೇಳುವ ಹೆಣ್ಣುಮಕ್ಕಳು ಹೆಚ್ಚಾದಂತೆ ಇದು ಸಹಜ ಅಂತ ಆಗುತ್ತದೆ ಅಂತ ನಾನು ಮನಸಾರೆ ನಂಬಿದ್ದೇನೆ. ಪಂಚಾಯತಿಯಲ್ಲಿ ಹೆಂಗಸು ಕುರ್ಚಿ ಮೇಲೆ ಕೂರುವುದೂ ಮೊದಲು ಹೀಗೇ ವಿಚಿತ್ರವಾಗಿ ಕಂಡಿತ್ತು.

ಬೇರೆ ಧರ್ಮದ ಗೆಳತಿಯರು ಕೇಳಿದರೆ ಗೊತ್ತಿರಲಿ ಅಂತ ಒಂದು ಮಾತು. ಈಗ ಹೇಳಿದ್ದೆಲ್ಲ ಹಿಂದೂ, ಲಿಂಗಾಯತ, ಜೈನ, ಬೌದ್ಧ, ಸಿಖ್ ಮನೆಗಳಿಗೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಅದರಲ್ಲಿ ಮಗಳಿಗೂ ಮಗನಿಗೂ ಸಮಪಾಲು. ಮುಸ್ಲಿಂ ಮಗಳಿಗೆ ಮಗನ ಅರ್ಧದಷ್ಟು ಪಾಲು, ಅದನ್ನೂ ಕೊಡದ ಮನೆಗಳು ಬಹಳ.

ಕಾನೂನಿನಲ್ಲಿ ಎಲ್ಲ ಸಮ ಆಗಿಬಿಟ್ಟಿದೆ ಅಂತಲೂ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಇವತ್ತಿಗೂ ಹಾಗೇ ಇದೆ. ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ತೀರಿಕೊಂಡರೆ, ಅವಳು ತನ್ನ ಸಂಬಳದಲ್ಲಿ ಕೊಂಡ ಸೈಟು ಮೊದಲು ಹೋಗುವುದು ಗಂಡನ ಕಡೆಯವರಿಗೆ, ಅವಳನ್ನು ಹೆತ್ತ ತಾಯಿಗಲ್ಲ. ಗಂಡಸು ತೀರಿಕೊಂಡಾಗ ಅವನ ತಾಯಿಗೆ ಹೆಂಡತಿ ಮಕ್ಕಳ ಜೊತೆಗೇ ಪಾಲು ಸಿಗುತ್ತದೆ. ಈ ಕಲಂ ಬದಲಾಗಲೇಬೇಕು. ಅಲ್ಲಿಯವರೆಗೆ ನಮ್ಮ ಕೈಲಿರುವುದು ಉಯಿಲು. ನೀವೂ ಒಂದು ಬರೆದಿಡಿ. ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿದರೂ ಸಾಕು, ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು.

ಪಹಣಿ, ವಂಶವೃಕ್ಷ, ಮ್ಯುಟೇಶನ್ ಪ್ರತಿಗಳು ಕೈಗೆ ಬಂದ ಮೇಲೆ ಮತ್ತೆ ಬರೆಯಿರಿ. ಅಣ್ಣ ಸಹಿ ಹಾಕು ಅಂದ ಆ ಪತ್ರದ ಕರಡು ಇದ್ದರೆ ಅದನ್ನೂ ಕೇಳಿ ಪಡೆಯಿರಿ. ಅದರಲ್ಲಿ ಹೊಲದ ಸರ್ವೆ ನಂಬರ್ ಮಾತ್ರ ಇದೆಯೋ, ಮನೆಯೂ ಸೇರಿದೆಯೋ ಅಂತ ಮೊದಲು ನೋಡಬೇಕು.